ಯಾರ ಹುಟ್ಟುಹಬ್ಬ

ಬೇಸ್‌ಮೆಂಟಿನ ಪುಟ್ಟ ಕಿಟಕಿಯಲ್ಲಿ ಇನ್ಶೂರೆನ್ಸಿನವನ ಕಾರಿನ ಚಕ್ರಗಳಷ್ಟೇ ಕಾಣುತ್ತಿವೆ, ಇನ್ನೂ ಹೋಗಿಲ್ಲ, ಒಳಗೆ ಕೂತು ವರದಿ ಬರೆಯುತ್ತಿರಬೇಕು, ಅವನು ಹೋಗುವ ತನಕ ತಾಳದ ಕೋಲು ತಟ್ಟುವ ಹಾಗಿಲ್ಲ, ಮಕ್ಕಳು ಗೋಡೆಗೊರಗಿ ನನ್ನ ಮುಖವನ್ನೇ ನೋಡುತ್ತಿದ್ದಾರೆ — ಥೂ, ನನ್ನ ಜನ್ಮಕ್ಕಿಷ್ಟು. ಮನೆ ಇನ್ಶೂರೆನ್ಸಿನ ಅರ್ಜಿ ತುಂಬುವಾಗಲೇ ಏಜೆಂಟ್ ಬದರೀನಾಥ ಅಂಕಲ್ ಫೋನಿನಲ್ಲಿ ಬಿಡಿಸಿ ಹೇಳಿದ್ದರು, ನೋಡಮ್ಮ ತಾರಿಣಿ, ಮನೇಲಿ ಬಿಸಿನೆಸ್ ಏನಾದ್ರೂ ನಡೆಸ್ತೀರಾ ಅಂತ ಕೇಳ್ತಾರೆ, ಡ್ಯಾನ್ಸ್ ಕ್ಲಾಸ್ ಇದೆ ಅಂತ್ಲೇ ಹಾಕು, ನಾಳೆ ಯಾವ್ದಾದ್ರೂ ಮಗು ಮೆಟ್ಟಿಲಲ್ಲಿ ಬಿದ್ರೆ ಕಂಪನಿಯವರು ಕೈ ಎತ್ತಿಬಿಡ್ತಾರೆ. ಪಕ್ಕದಲ್ಲಿ ನನ್ನ ಗಂಡ ಅರವಿಂದ್ ದೋಸೆ ಮುರಿಯುತ್ತ, ಅಯ್ಯೋ ಅದೇನ್ ಬಿಸಿನೆಸ್ಸಾ, ಸುಮ್ನೆ ನೋ ಅಂತ ಕ್ಲಿಕ್ ಮಾಡು ಮಾರಾಯ್ತಿ — ಮಾಡಿದ್ದು ಅವನಲ್ಲ, ನಾನೇ, ಈ ಬೆರಳೇ. ಬರೆದದ್ದೆಲ್ಲ ನಿಜವೇ ಅಂತ ನೋಡಲು ಒಬ್ಬನನ್ನು ಕಳಿಸುತ್ತಾರೆ ಅಂದಾಗಲೂ ಛಾವಣಿ ನೋಡುತ್ತಾನೆ, ಬಾಯ್ಲರ್ ನೋಡುತ್ತಾನೆ, ಹೋಗುತ್ತಾನೆ ಅಂದುಕೊಂಡೆ, ಶನಿವಾರ ಕ್ಲಾಸಿನ ಮಧ್ಯೆಯೇ ಬೆಲ್ ಒತ್ತುತ್ತಾನೆ ಅಂತ ಯಾರು ಕಂಡಿದ್ದರು, ತಟ್ಟುಮಣೆಯನ್ನು ಸೋಫಾದಡಿ ತಳ್ಳಿದೆ, ಕನ್ನಡಿಗೆ ಬೆಡ್‌ಶೀಟ್ ಹೊದಿಸಿದೆ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ಶೂಗಳ ರಾಶಿಯೊಂದು ಮರೆತೇಹೋಯಿತು, ನಮ್ಮ ಕಣ್ಣಿಗೆ ಅದು ಬೀಳುವುದೇ ಇಲ್ಲವಲ್ಲ — ಅವನು ಮೊದಲು ನೋಡಿದ್ದೇ ಅದನ್ನು, ಪಾಪ, ನೋಡಿ ತಾನೂ ಬಗ್ಗಿ ಲೇಸು ಬಿಚ್ಚಿದ, ಸಾಕ್ಸಿನಲ್ಲೇ ಕೆಳಗಿಳಿದು ಬಂದ, ಆ ಮರ್ಯಾದೆಗೇ ನಾನು ಕುಗ್ಗಿಹೋದೆ, ಲಾಟ್ ಆಫ್ ಕಿಡ್ಸ್ ಅಂದ, ಬರ್ತ್‌ಡೇ ಪಾರ್ಟಿ ಅಂದೆ, ನಾಲಿಗೆ ತಡವರಿಸಲೂ ಇಲ್ಲ. ಓ, ಹೂಸ್ ಬರ್ತ್‌ಡೇ?

ಕೇಕಿಲ್ಲ, ಬಲೂನಿಲ್ಲ, ಆಗ ಮಕ್ಕಳ ನಡುವಿಂದ ಆನ್ಯಾ ಎದ್ದು ನಿಂತಳು, ಇಟ್ಸ್ ಮೈನ್ — ಈ ಮೇ ತಿಂಗಳಲ್ಲಿ, ಅವಳು ಹುಟ್ಟಿದ್ದು ಹಿಮ ಬೀಳುವ ಡಿಸೆಂಬರಿನಲ್ಲಿ — ಅವನು ಹ್ಯಾಪಿ ಬರ್ತ್‌ಡೇ ಸ್ವೀಟ್‌ಹಾರ್ಟ್ ಅಂದಾಗ ನಕ್ಕಳು, ಮೊದಲು ಕಣ್ಣು, ಆಮೇಲೆ ಕೆನ್ನೆ, ಆಮೇಲೆ ತುಟಿ, ನಾನು ಹೇಳಿಕೊಟ್ಟ ಹಾಗೇ, ಮುಖ ಮರದ ಹಲಗೆ ಇದ್ದ ಹಾಗಿದೆ, ಒಳಗಿಂದ ಬರಲಿ ಅಭಿನಯ ಅಂತ ವಾರ ವಾರವೂ ಬೈಸಿಕೊಂಡ ಹುಡುಗಿ, ಇವತ್ತು ಬಂತು, ನನಗಾಗಿ ಸುಳ್ಳು ಹೇಳಲು ಬಂತು. ತುಳಿಯುವ ಮುನ್ನ ನೆಲ ಮುಟ್ಟಿ ಕ್ಷಮೆ ಕೇಳಿ ಅಂತ ಇವರಿಗೆ ಕಲಿಸುವವಳು ನಾನು, ನಾಚಿಕೆಯಾಗಬೇಕು, ಆಗುತ್ತಿದೆ, ಕಿವಿಯೆಲ್ಲ ಬಿಸಿಯಾಗಿದೆ, ಚಕ್ರ ಇನ್ನೂ ಅಲ್ಲೇ ಇದೆ, ಓಡೇ ತಾರಿಣಿ, ಮೆಟ್ಟಿಲು ಹತ್ತಿ ಕಾರಿನ ಗಾಜು ತಟ್ಟು, ಸುಳ್ಳು ಹೇಳಿದೆ ಅನ್ನು, ಅರ್ಜಿ ತಿದ್ದಿಸು, ಈ ಮಕ್ಕಳ ಕೈಕಾಲಿಗೆ ಏನಾದರೂ ಆದರೆ — ಎದ್ದೆ, ಎದ್ದೇಬಿಟ್ಟೆ, ಯಾರೋ ದುಪಟ್ಟಾ ಜಗ್ಗಿದರು, ನೋಡಿದರೆ ಆನ್ಯಾ, ಆಂಟಿ, ಡಿಡ್ ಐ ಡೂ ಇಟ್ ರೈಟ್?

ತಪ್ಪು ಅಂದರೆ ಅದು ಯಾರ ತಪ್ಪು, ಕಿಟಕಿಯಲ್ಲಿ ಚಕ್ರ ಉರುಳಿತು, ಆಮೇಲೆ ಬರೀ ಹುಲ್ಲು, ಇಷ್ಟು ದಿನದಲ್ಲಿ ಅವಳಿಗೆ ಒಮ್ಮೆಯೂ ಹೇಳದ ಮಾತು ಬಾಯಿಂದ ಬಿದ್ದೇಹೋಯಿತು, ವೆರಿ ಗುಡ್ ಆನ್ಯಾ — ಮತ್ತೆ ನಕ್ಕಳು, ಇದು ನಿಜದ್ದೋ, ಕಲಿತದ್ದೋ, ಕಲಿಸಿದವಳಿಗೇ ತಿಳಿಯಲಿಲ್ಲ, ಮೊದಲು ಕಣ್ಣು, ಆಮೇಲೆ ಕೆನ್ನೆ, ಆಮೇಲೆ ತುಟಿ, ಮೊದಲು ಕಣ್ಣು