ಜಾವಾಕ್ಕೊಂದು ಬಾಗಿಲು

ನಮ್ಮ ನೀಶ್ ಊರಿನ ಬಸ್ ನಿಲ್ದಾಣದಲ್ಲಿ ಶುಕ್ರವಾರ ಮಧ್ಯಾಹ್ನ ಟಿಕೆಟ್ ಮಾರಾಟ ನಿಂತುಹೋಯಿತೆಂದರೆ ಮೊದಲ ಫೋನು ಬರುತ್ತಿದ್ದದ್ದು ನಮ್ಮ ಕಂಪನಿಗಲ್ಲ, ನೇರವಾಗಿ ವೆಲ್ಯಾ ಚಿಕಾನಿಗೆ. ಕೌಂಟರಿನ ಮಿಲೆವಾ ಮಾತಾಡಿದರೆ ಫೋನು ಅವನ ಕಿವಿಯಲ್ಲಿದ್ದರೂ ಕೋಣೆಗೆಲ್ಲ ಕೇಳಿಸುತ್ತಿತ್ತು.

“ವೆಲ್ಯಾ, ನಿನ್ನ ಮುದಿ ಕತ್ತೆ ಮತ್ತೆ ಮಲಗಿದೆ ಕಣೋ! ಕಾಲೇಜು ಹುಡುಗ್ರು ನನ್ನ ಗಾಜು ಒಡೀತಾರೆ ಈಗ. ಎಬ್ಬಿಸು ಬೇಗ!”

“ನನ್ನ ಕತ್ತೆ ಚೆನ್ನಾಗೇ ಇದೆ ಮಿಲೆವಾ. ಅದರ ಮೇಲೆ ಕೂತಿರೋ ಹುಡುಗಿ ಲಗಾಮು ಎಲ್ಲೆಲ್ಲೋ ಎಳೀತಾಳೆ.”

ಆ ಹುಡುಗಿ ತಿಯಾನಾ. ಅವಳ ಮೇಜು ಅವನ ಎದುರಿಗೇ.

“ಕೇಳಿಸ್ತು ಚಿಕಾ.”

“ಕೇಳಿಸ್ಲಿ ಅಂತಲೇ ಹೇಳಿದ್ದು ಮಗನೇ.”

ಅಪ್ಪನ ವಯಸ್ಸಿನವರೆಲ್ಲ ನಮಗೆ ಚಿಕಾ. ಅವರಿಗೆ ಪ್ರೀತಿ ಉಕ್ಕಿದರೆ ಹುಡುಗಿಯೂ ಮಗನೇ, ಬೆಕ್ಕೂ ಮಗನೇ. ನಾನು ಇವರಿಬ್ಬರ ಕೆಲಸವನ್ನೂ ಪರೀಕ್ಷೆ ಮಾಡುವವನು. ಅಂದರೆ ಇಬ್ಬರಿಂದಲೂ ಬೈಸಿಕೊಳ್ಳುವವನು.

ಟಿಕೆಟ್ ಮಾರುವ ನಮ್ಮ ತಂತ್ರಾಂಶಕ್ಕೆ ಎರಡು ತುಂಡು. ಜನ ನೋಡುವ ಪುಟಗಳೆಲ್ಲ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ, ಅದು ತಿಯಾನಾಳದ್ದು. ಹಿಂದೆ ಕೂತು ಯೋಚನೆ ಮಾಡುವುದು ಇನ್ನೊಂದು ಭಾಷೆ, ಜಾವಾ, ಅದು ವೆಲ್ಯಾ ಚಿಕಾನದ್ದು. ಯಾವ ಬಸ್ಸು ಯಾವ ಊರಲ್ಲಿ ನಿಲ್ಲುತ್ತದೆ, ಯಾವ ಸೀಟು ಯಾರಿಗೆ ಹೋಯಿತು, ಸಂತೆಯ ದಿನ ಸ್ವರ್ಲ್ಯಿಗ್ ಬಸ್ಸು ಎಷ್ಟು ಬೇಗ ಹೊರಡಬೇಕು, ಎಲ್ಲವೂ ಅದಕ್ಕೆ ಗೊತ್ತು. ಸತ್ತವರ ಶನಿವಾರಗಳೂ ಗೊತ್ತು. ನಮ್ಮ ಹೆಂಗಸರು ಬೇಯಿಸಿದ ಗೋಧಿ, ಮೇಣದಬತ್ತಿ ಹಿಡಿದು ಹಳ್ಳಿಯ ಗೋರಿಗಳಿಗೆ ಹೋಗುವ ಆ ಜ಼ಾದುಶ್ನಿತ್ಸೆ ಪ್ರತಿ ವರ್ಷ ಬೇರೆ ಬೇರೆ ತಾರೀಖಿಗೆ ಬೀಳುತ್ತದೆ. ಅದನ್ನು ಲೆಕ್ಕ ಹಾಕಿ ಹೆಚ್ಚಿನ ಬಸ್ಸು ಬಿಡುವುದನ್ನು ಚಿಕಾ ಜಾವಾಕ್ಕೆ ಕಲಿಸಿದ್ದ.

ತೊಂದರೆ ಇದ್ದದ್ದು ಎರಡೂ ಕೂಡುವ ಜಾಗದಲ್ಲಿ. ಹಿಂದೊಮ್ಮೆ ಯಾರೋ ಅವಸರದಲ್ಲಿ ಎರಡನ್ನೂ ಕಣ್ಣುಮುಚ್ಚಿ ಹೊಲಿದು ಹೋಗಿದ್ದರು. ಪಿಎಚ್‌ಪಿಯ ಒಂದೊಂದು ಪುಟವೂ ಜಾವಾದ ಹೊಟ್ಟೆಯೊಳಗೆ ನೇರ ಕೈ ಹಾಕಿ ಬೇಕಾದ್ದನ್ನು ಹಿಡಿದುಕೊಳ್ಳುತ್ತಿತ್ತು. ಬಿಡುವುದು ಮಾತ್ರ ಮರೆತುಬಿಡುತ್ತಿತ್ತು. ಶುಕ್ರವಾರ ಹುಡುಗರೆಲ್ಲ ಊರಿಗೆ ಹೊರಟಾಗ ಹೊಟ್ಟೆ ತುಂಬ ಕೈಗಳು, ಜಾವಾಕ್ಕೆ ಉಸಿರು ಕಟ್ಟುತ್ತಿತ್ತು. ಅದು ಬಿದ್ದರೆ ಇದೂ ಬೀಳುತ್ತಿತ್ತು.

ಆ ವರ್ಷ ಮಾಲೀಕರ ತಾಳ್ಮೆ ಮುಗಿಯಿತು. ಅವರು ಇರುವುದು ಆಸ್ಟ್ರಿಯಾದ ಗ್ರಾತ್ಸ್‌ನಲ್ಲಿ; ಇಲ್ಲಿ ಅವರ ಬಾಯಿ ನೆಬೋಯ್ಶಾ, ನಮ್ಮ ಮ್ಯಾನೇಜರು. ಒಳ್ಳೆಯವನೇ. ಕೆಟ್ಟ ಸುದ್ದಿ ಹೇಳುವ ಮೊದಲು ಎಲ್ಲರಿಗೂ ಕಾಫಿ ಮಾಡಿಕೊಡುತ್ತಾನೆ. ಅವತ್ತು ಮಾಡಿಕೊಟ್ಟ.

“ಎರಡೂ ನೆಟ್ಟಗೆ ಕೂಡ್ಕೊಂಡು ಕೆಲಸ ಮಾಡ್ಬೇಕಂತೆ. ಜ಼ಾದುಶ್ನಿತ್ಸೆ ಹಿಂದಿನ ಶುಕ್ರವಾರಾನೂ ಬಿದ್ರೆ, ಎಲ್ಲಾ ಎತ್ತಿ ಬಿಸಾಕಿ ಬೇರೆ ಕಡೆಯಿಂದ ಕೊಂಡ್ಕೋತಾರಂತೆ. ಆಮೇಲೆ ಈ ಆಫೀಸಿಗೆ ಬೀಗ.”

ತಿಯಾನಾಗೆ ಇನ್ನೊಂದು ಕಡೆ ಕೆಲಸ ಸಿಗುತ್ತಿತ್ತು, ನನಗೂ ಹೇಗೋ ಆಗುತ್ತಿತ್ತು. ವೆಲ್ಯಾ ಚಿಕಾನಿಗೆ ಪಿಂಚಣಿ ಬರಲು ಇನ್ನೂ ಕೆಲವು ವರ್ಷ ಬಾಕಿ. ಹಿಂದೆ ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚಿದಾಗ ಒಮ್ಮೆ ಬೀದಿಯಲ್ಲಿ ನಿಂತು, ಪೇಟೆಯಲ್ಲಿ ಕಾಲುಚೀಲ ಮಾರುತ್ತ ರಾತ್ರಿ ಜಾವಾ ಕಲಿತವನು. ಎರಡನೇ ಸಲ ಬೀದಿಗೆ ಬಿದ್ದರೆ ಆ ವಯಸ್ಸಿನವನನ್ನು ನೀಶ್‌ನಲ್ಲಿ ಯಾರು ಕರೆಯುತ್ತಾರೆ? ಅವನು ಕಾಫಿ ಮುಟ್ಟಲಿಲ್ಲ.

“ಹೊಲಿಗೆ ಬಿಚ್ಚೋಣ,” ಅಂದಳು ತಿಯಾನಾ. “ನನ್ನ ಪುಟ ಯಾವುದೂ ನಿಮ್ಮ ಹೊಟ್ಟೆಗೆ ಕೈ ಹಾಕಲ್ಲ ಚಿಕಾ. ನೀವು ಒಂದು ಬಾಗಿಲು ಇಡಿ. ನಾನು ಹೊರಗೆ ನಿಂತು ಕೇಳ್ತೀನಿ, ನೀವು ಒಳಗಿಂದ ಉತ್ತರ ಕೊಡಿ. ಅಷ್ಟೇ ಸಂಬಂಧ.”

“ಇಷ್ಟು ವರ್ಷ ಸಂಸಾರ ಮಾಡಿ ಈಗ ಬಾಗಿಲಾಚೆಯಿಂದ ಮಾತಾಡ್ತೀಯಾ?”

“ಬೇಕಾದಷ್ಟು ಜನ ಹಾಗೇ ಸುಖವಾಗಿದಾರೆ.”

ಚಿಕಾ ನಕ್ಕ. ಕೆಲಸ ಶುರುವಾಯಿತು.

ಜಗಳವೂ ಶುರುವಾಯಿತು. ಹೊಸ ಬಾಗಿಲಿನಲ್ಲಿ ತಿಯಾನಾಳ ಪ್ರಶ್ನೆಗಳು ಒಮ್ಮೆ ಒಳಗೆ ಹೋಗುತ್ತಿದ್ದವು, ಒಮ್ಮೆ ಬಾಗಿಲಲ್ಲೇ ಮೂಗು ಜಜ್ಜಿಕೊಳ್ಳುತ್ತಿದ್ದವು. ನಾನು ಹುಡುಕಿ ಹುಡುಕಿ ಕೊನೆಗೆ ಹಿಡಿದೆ: ಇನ್ನೂ ಒಬ್ಬರೂ ಸೀಟು ಕಾದಿರಿಸದ ಬಸ್ಸಿನ ಬಗ್ಗೆ ಕೇಳಿದಾಗ ಮಾತ್ರ ಹಾಗಾಗುತ್ತಿತ್ತು.

“ಬಸ್ಸಲ್ಲಿ ಯಾರೂ ಇಲ್ಲ ಅಂದ್ರೆ ನೀನು ಏನು ಕಳಿಸ್ತೀಯ?” ಚಿಕಾ ಕೇಳಿದ.

“ಖಾಲಿ ಅಂತ ಕಳಿಸ್ತೀನಿ.”

“ಯಾವ ಖಾಲಿ?”

“ಖಾಲಿಗೂ ಜಾತಿ ಇದ್ಯಾ ಚಿಕಾ?”

“ನಿನ್ನ ಪಿಎಚ್‌ಪಿಗೆ ಇಲ್ಲ. ಜನರ ಸಾಲು ನಿಲ್ಸೋದೂ ಅದೇ ಚೀಲದಲ್ಲಿ, ಹೆಸರು ಅಂಟಿಸಿದ ಡಬ್ಬಿ ಇಡೋದೂ ಅದೇ ಚೀಲದಲ್ಲಿ. ಖಾಲಿ ಮಾಡಿದ್ಮೇಲೆ ಯಾವುದಕ್ಕೆ ಇಟ್ಟಿದ್ದು ಅಂತ ಅದಕ್ಕೇ ನೆನಪಿರಲ್ಲ. ನಂದು ಸೀಟು ನಂಬರಿನ ಡಬ್ಬಿಗೆ ಕಾಯ್ತಿರುತ್ತೆ. ನೀನು ಖಾಲಿ ಸಾಲು ತಂದು ನಿಲ್ಲಿಸಿದ್ರೆ ಬಾಗಿಲು ಹಾಕ್ಕೊಳ್ಳುತ್ತೆ.”

“ಅಯ್ಯಪ್ಪಾ, ನಿಮ್ಮ ಜಾವಾ ಥೇಟ್ ನಮ್ಮತ್ತೆ. ತಟ್ಟೇಲಿ ಏನೂ ಇಲ್ದಿದ್ರೂ ಇದು ಯಾವ ತಟ್ಟೆ ಅಂತ ಕೇಳ್ತಾರೆ.”

“ನಿನ್ನ ಪಿಎಚ್‌ಪಿ ನನ್ನ ಭಾವಮೈದ. ಏನು ಕೊಟ್ರೂ ಕೇಳ್ದೇ ಜೇಬಿಗೆ ಇಳಿಸ್ತಾನೆ.”

ಬೈದಾಡಿಕೊಂಡೇ ಸರಿ ಮಾಡಿದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಚಿಕಾನಿಗೆ ಕೆಲಸದ ರುಚಿ ಹತ್ತಿಬಿಟ್ಟಿತ್ತು. ಬಾಗಿಲಲ್ಲಿ ಏನೇನು ಕೇಳಬಹುದು, ಹೇಗೆ ಕೇಳಬೇಕು, ಏನು ಉತ್ತರ ಬರುತ್ತದೆ, ಉತ್ತರವಿಲ್ಲದಿದ್ದರೆ ಏನು ಹೇಳಬೇಕು, ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿಟ್ಟ. ಪುಟಗಳೊಳಗೆ ಉಳಿದಿದ್ದ ಹಳೆಯ ಹೊಲಿಗೆಗಳನ್ನು ತಿಯಾನಾಳ ಪಕ್ಕ ಕೂತು ಒಂದೊಂದಾಗಿ ಹೆಕ್ಕಿಸಿದ. “ನಾಳೆ ದಾರೀಲಿ ಹೋಗೋನು ಬಂದು ಕೂತ್ರೂ ಅರ್ಥ ಆಗ್ಬೇಕು,” ಅನ್ನುತ್ತಿದ್ದ. ಅದನ್ನು ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದ ಅಂದರೆ ನಮಗೂ ಹೆಮ್ಮೆಯಾಗುತ್ತಿತ್ತು.

ಆ ಶುಕ್ರವಾರ ಬಂತು. ವಿದ್ಯಾರ್ಥಿಗಳು, ಸೈನಿಕರು, ಗೋರಿಗೆ ಹೊರಟ ಅಜ್ಜಿಯರು, ಎಲ್ಲ ಒಟ್ಟಿಗೆ ಮುಗಿಬಿದ್ದರು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಮಾರಾಟವಾದ ಟಿಕೆಟ್‌ಗಳು ಒಂದರ ಹಿಂದೊಂದು ಓಡುತ್ತಿದ್ದವು. ಚಿಕಾ ಕುರ್ಚಿ ಬಿಟ್ಟು ಏಳಲಿಲ್ಲ. ಸಂಜೆ ಮಿಲೆವಾಳ ಫೋನು ಬಂದಾಗ ಅವನ ಮುಖ ಬೆಳ್ಳಗಾಯಿತು.

“ವೆಲ್ಯಾ, ಏನೋ ಆಗಿದೆ ಕಣೋ.”

“ಏನಾಯ್ತು?”

“ಏನೂ ಆಗಿಲ್ಲ! ನನಗೆ ಭಯ ಆಗ್ತಿದೆ!”

ನೆಬೋಯ್ಶಾ ಚೀಸ್ ತುಂಬಿದ ಬಿಸಿ ಬುರೇಕ್ ತಿಂಡಿ ತರಿಸಿದ. ಚಿಕಾ ತನ್ನ ಮನೆಯಲ್ಲೇ ಭಟ್ಟಿ ಇಳಿಸಿದ ಪ್ಲಮ್ ರಾಕಿಯಾ ಬಾಟಲಿ ತೆಗೆದ. ಸತ್ತವರ ಶನಿವಾರದ ಹಿಂದಿನ ಸಂಜೆ ನಗಬಾರದು ಎಂದು ತಿಯಾನಾಳ ಅಜ್ಜಿ ಹೇಳುತ್ತಾರಂತೆ. ಹಾಗೆ ಹೇಳಿ ಅವಳೇ ಎಲ್ಲರಿಗಿಂತ ಜೋರಾಗಿ ನಕ್ಕಳು.

ಸೋಮವಾರ ನಾವು ಒಳಗೆ ಬರುವಷ್ಟರಲ್ಲಿ ನೆಬೋಯ್ಶಾ ಕಾಫಿ ಮಾಡಿಟ್ಟಿದ್ದ.

“ಗ್ರಾತ್ಸ್‌ನವರಿಗೆ ತುಂಬಾ ಸಂತೋಷ ಆಗಿದೆ,” ಅಂದ. ಆಮೇಲೆ ಬಹಳ ಹೊತ್ತು ಸಕ್ಕರೆ ಕಲಕಿದ. “ಆಫೀಸು ಉಳೀತು. ಆದ್ರೆ, ಚಿಕಾ, ನೀನು ಬರೆದಿಟ್ಟಿದ್ದನ್ನ ಅವರು ಓದಿದ್ರು. ಇಷ್ಟು ದಿನ ಜಾವಾ ಕೀಳೋಕೆ ಹೋದ್ರೆ ಪುಟಗಳೂ ಕಿತ್ತು ಬರ್ತಿದ್ವು. ಈಗ ಒಂದೇ ಬಾಗಿಲು. ಅದರ ಹಿಂದೆ ಯಾರು ಕೂತಿದಾರೆ ಅಂತ ಪುಟಗಳಿಗೆ ಗೊತ್ತೇ ಆಗಲ್ಲ. ಅವರ ಹತ್ರ ಈಗಾಗ್ಲೇ ಇಂಥದೇ ಒಂದು ತಂತ್ರಾಂಶ ಇದೆ, ಬೇರೆ ದೇಶದ ಬಸ್ಸುಗಳಿಗೆ ಓಡ್ತಿದೆಯಂತೆ. ಅದನ್ನೇ ತಂದು...”

ಅಂದರೆ ಜಾವಾ ಬೇಡ, ಅದನ್ನು ನೋಡಿಕೊಳ್ಳುವ ಚಿಕಾನೂ ಬೇಡ.

“ಅದಕ್ಕೆ ಜ಼ಾದುಶ್ನಿತ್ಸೆ ಗೊತ್ತಾ?” ನಾನು ಕೇಳಿದೆ.

“ಆ ತಾರೀಖನ್ನ ಪ್ರತಿ ವರ್ಷ ಕೈಯಲ್ಲೇ ಸೇರಿಸ್ತಾರಂತೆ.”

“ಯಾರ ಕೈಯಲ್ಲಿ?”

ಚಿಕಾ ಕೇಳಿದ್ದು ಒಂದೇ ಮಾತು: “ನಾನು ಬರೆದಿದ್ದು ಅವರಿಗೆ ಅರ್ಥ ಆಯ್ತಾ?”

“ಒಂದು ಸಂದೇಹವೂ ಕೇಳಲಿಲ್ಲ ಚಿಕಾ.”

ಮ್ಯಾನೇಜರು ಹೊರಗೆ ಹೋದ ಮೇಲೆ ತಿಯಾನಾ ಕುರ್ಚಿ ಎಳೆದುಕೊಂಡು ಬಂದು ಅವನ ಮಂಡಿಗೆ ಮಂಡಿ ತಾಗಿಸಿ ಕೂತಳು. ಕಣ್ಣು ಕೆಂಪಾಗಿದ್ದವು.

“ಹಳೇ ಹೊಲಿಗೇನೇ ವಾಪಸ್ ಹಾಕ್ಬಿಡೋಣ. ನನ್ನ ಹತ್ರ ಎಲ್ಲಾ ಇದೆ. ಗಂಟು ಮೇಲೆ ಗಂಟು ಹಾಕೋಣ, ಅವರಪ್ಪನೂ ಬಿಚ್ಚಬಾರದು.”

“ಶುಕ್ರವಾರ ಬಿದ್ದುಹೋಗುತ್ತೆ.”

“ಬೀಳ್ಲಿ!”

“ಬಿದ್ರೆ ಎಲ್ಲಾ ಬಿಸಾಕ್ತಾರೆ. ನೀನೂ ಹೋಗ್ತೀಯ, ಇವನೂ ಹೋಗ್ತಾನೆ.” ನನ್ನ ಕಡೆ ಗದ್ದ ತೋರಿಸಿದ. “ಆಗ ನಾನೂ ಹೋಗ್ತೀನಿ. ಈಗ ನಾನೊಬ್ನೇ. ಇದರಲ್ಲಿ ಲೆಕ್ಕ ಹಾಕೋಕೆ ಏನಿದೆ ಮಗನೇ?”

ಆದರೂ ಅವಳ ಸಮಾಧಾನಕ್ಕೆಂದೋ ತನ್ನದಕ್ಕೆಂದೋ ಹಳೆಯದನ್ನು ಪರದೆಯ ಮೇಲೆ ತೆರೆದ. ಸ್ವಲ್ಪ ಹೊತ್ತು ನೋಡಿದ. “ಥೂ, ಎಷ್ಟು ಕೊಳಕಾಗಿತ್ತು,” ಅಂದು ಮುಚ್ಚಿದ.

ಬದಲಾವಣೆ ಬೇಸಗೆಯಲ್ಲಿ, ಒಂದು ಸಾಧಾರಣ ಬುಧವಾರ ಎಂದು ಗೊತ್ತಾಯಿತು. ಎಷ್ಟು ಹೊತ್ತಿಗೆ ಎಂದು ಗ್ರಾತ್ಸ್‌ನವರು ಹೇಳಿರಲಿಲ್ಲ. ಚಿಕಾ ಅವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ತನ್ನ ಯಂತ್ರದ ಕಡೆ ನೋಡಲು ಮನಸ್ಸಾಗದೆ ಗೋಡೆಯ ಪರದೆಯ ಮುಂದೆ ಕುರ್ಚಿ ಹಾಕಿ ಕೂತ. ಪಿರೋತ್‌ಗೆ ಒಂದು ಟಿಕೆಟ್ ಹೋಯಿತು, ಲೆಸ್ಕೊವಾತ್ಸ್‌ಗೆ ಮೂರು. ಕೂತಲ್ಲೇ ತಂದಿದ್ದ ಬುತ್ತಿ ತಿಂದ. ಒಂದು ಸಾಲು ತಡವಾಗಿ ಬಂದರೂ ಬೆನ್ನು ನೆಟ್ಟಗೆ ಮಾಡುತ್ತಿದ್ದ, ಬಂದ ಮೇಲೆ ಮತ್ತೆ ಒರಗುತ್ತಿದ್ದ.

ಊಟದ ಹೊತ್ತು ಕಳೆದ ಮೇಲೆ ನೆಬೋಯ್ಶಾ ಬಾಗಿಲಲ್ಲಿ ನಿಂತ. ಕಾಫಿ ಮಾಡಿರಲಿಲ್ಲ.

“ಇನ್ನೂ ಯಾವಾಗಂತೆ?” ಚಿಕಾ ಕೇಳಿದ.

“ಆಯ್ತಲ್ಲ ಚಿಕಾ. ಬೆಳಿಗ್ಗೇನೇ ಆಯ್ತು. ನೀನು ಬರೋಕೆ ಮುಂಚೆ.”

ಚಿಕಾ ಪರದೆಯ ಕಡೆ ತಿರುಗಿದ. ಕ್ನ್ಯಾಜ಼ೆವಾತ್ಸ್‌ಗೆ ಎರಡು ಟಿಕೆಟ್ ಹೋದವು. ಬೆಳಗಿನಿಂದ ಅವನು ಕಾವಲು ಕೂತು ನೋಡಿದ್ದೆಲ್ಲ ಇನ್ನೊಬ್ಬರ ಉತ್ತರಗಳು.

“ಸ್ವಲ್ಪಾನೂ ಗೊತ್ತಾಗ್ಲಿಲ್ಲ,” ಅಂದ. ಯಾರಿಗೆ ಹೇಳಿದನೋ.

ಎದ್ದು ತನ್ನ ಮೇಜಿಗೆ ಹೋದ. ಅವನ ಜಾವಾ ಇನ್ನೂ ಓಡುತ್ತಿತ್ತು. ಅದನ್ನು ಆರಿಸುವುದು ಯಾರಿಗೂ ನೆನಪಾಗಿರಲಿಲ್ಲ. ಬೆಳಗಿನ ಜಾವದ ನಂತರ ಅದನ್ನು ಯಾರೂ ಏನೂ ಕೇಳಿರಲಿಲ್ಲ.

“ತಿಯಾನಾ, ಒಂದೇನಾದ್ರೂ ಕೇಳು ಮಗನೇ.”

ಅವಳು ಕೈಯಿಂದಲೇ ಒಂದು ಪ್ರಶ್ನೆ ಬರೆದು ಹಳೆಯ ಯಂತ್ರಕ್ಕೆ ಕಳಿಸಿದಳು: ಇಂದು ಸಂಜೆ, ವ್ರಾನ್ಯೆಗೆ, ಒಬ್ಬರು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ಬಸ್ಸು, ಹೊತ್ತು, ಸೀಟು, ಎಲ್ಲ ಸರಿಯಾಗಿತ್ತು.

“ಇನ್ನೊಂದು,” ಅಂದ ಚಿಕಾ.

ಅವಳು ಇನ್ನೊಂದು ಕೇಳಿದಳು.