ಮೂವತ್ತೊಂದನೆಯವರ ಕರುಳು

ನಲವತ್ತೆಂಟು ಮಂದಿ ಆರೋಗ್ಯವಂತರ ಮಲವನ್ನು ತಿಂಗಳುಗಟ್ಟಲೆ ಪರೀಕ್ಷಿಸಿದ ಮೇಲೆ ಧಾರಿಣಿಗೆ ರೋಗಿಗಳ ಮೇಲೆ ಗೌರವ ಹುಟ್ಟಿತ್ತು. ರೋಗಿ ಔಷಧಿ ನುಂಗಲು ಒಂದು ಕಾರಣವಾದರೂ ಇರುತ್ತದೆ. ಉಂಡದ್ದು ಅರಗಿ, ಮಲಗಿದರೆ ನಿದ್ದೆ ಬಂದು, ಮೈಯಲ್ಲಿ ಏನೂ ಕೊರತೆಯಿಲ್ಲದವರು ಇನ್ನಷ್ಟು ಚೆನ್ನಾಗಿರಬೇಕೆಂದು ಹಸಿರು ಪುಡಿ ನುಂಗುವುದು ಅವಳಿಗೆ ಹೊಟ್ಟೆ ತುಂಬಿದವರ ಶೋಕಿಯಾಗಿ ಕಾಣುತ್ತಿತ್ತು.

ಅವಳು ದಾವಣಗೆರೆಯಿಂದ ದೆಹಲಿಗೆ ಬಂದು ಪಿಎಚ್‌ಡಿಗೆ ಸೇರಿ ನಾಲ್ಕನೇ ವರ್ಷ. ಅವಳ ಗೈಡ್ ಪ್ರೊಫೆಸರ್ ರಘುನಂದನ್ ಕರುಳಿನ ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಹೆಸರು ಮಾಡಿದವರು. ಗುರುಗ್ರಾಮದ ಒಂದು ಕಂಪನಿ ‘ಹರಿತಸಾರ’ ಎಂಬ ಕ್ಯಾಪ್ಸೂಲ್ ತಯಾರಿಸಿ ಅದರ ಪರೀಕ್ಷೆಯನ್ನು ಅವರಿಗೆ ಒಪ್ಪಿಸಿತ್ತು. ನುಗ್ಗೆಸೊಪ್ಪು, ನೆಲ್ಲಿ, ಗೋಧಿ ಹುಲ್ಲು, ಜೊತೆಗೆ ಇನ್ನೂ ಹನ್ನೊಂದು ಗಿಡಗಳ ಪುಡಿ. ಇಪ್ಪತ್ತನಾಲ್ಕು ಜನರಿಗೆ ಎಂಟು ವಾರ ಅದು. ಉಳಿದ ಇಪ್ಪತ್ತನಾಲ್ಕು ಜನರಿಗೆ ನೋಡಲು ಅದರಂತೆಯೇ ಇರುವ, ಬಣ್ಣ ಬೆರೆಸಿದ ಅಕ್ಕಿಹಿಟ್ಟಿನ ಕ್ಯಾಪ್ಸೂಲ್. ಯಾರಿಗೆ ಯಾವುದು ಎಂಬುದು ಕೊನೆಯವರೆಗೆ ಗುಟ್ಟು. ಜನರನ್ನು ಹುಡುಕುವುದು, ಕ್ಯಾಪ್ಸೂಲ್ ಹಂಚುವುದು, ನುಂಗಿದರೋ ಇಲ್ಲವೋ ಎಂದು ಬರೆದಿಡುವುದು ಕಂಪನಿಯ ಕೆಲಸ. ಡಬ್ಬಿಯಲ್ಲಿ ಬಂದದ್ದನ್ನು ಪರೀಕ್ಷಿಸುವುದು ಧಾರಿಣಿಯ ಕೆಲಸ.

ಗುಟ್ಟು ಬಿಚ್ಚಿದ ದಿನ ಅವಳಿಗೆ ಒಳಗೊಳಗೇ ಖುಷಿಯಾಯಿತು. ಒಬ್ಬರ ಕರುಳಿಗೂ ಇನ್ನೊಬ್ಬರ ಕರುಳಿಗೂ ಅಜಗಜಾಂತರವಿತ್ತು. ಆದರೆ ಎಂಟು ವಾರದ ಹಿಂದಿನ ತಮ್ಮ ಕರುಳಿಗೂ ಈಗಿನದಕ್ಕೂ ಹೆಚ್ಚುಕಡಿಮೆ ಯಾರಲ್ಲಿಯೂ ವ್ಯತ್ಯಾಸವಿರಲಿಲ್ಲ. ಸೊಪ್ಪು ನುಂಗಿದವರೂ ಅಕ್ಕಿಹಿಟ್ಟು ನುಂಗಿದವರೂ ಒಂದೇ. ಬ್ಯಾಕ್ಟೀರಿಯಾಗಳು ಹರಿತಸಾರ ಬಂದು ಹೋದದ್ದನ್ನು ಗಮನಿಸಿಯೇ ಇರಲಿಲ್ಲ.

ಈ ಸುದ್ದಿ ಹೇಳಲು ಗೈಡ್ ಜೊತೆ ಗುರುಗ್ರಾಮಕ್ಕೆ ಹೋದಳು. ಕಂಪನಿಯ ಯಜಮಾನ ಸುದರ್ಶನ್ ದೆಹಲಿಯಲ್ಲೇ ಬೆಳೆದ ಕನ್ನಡದ ಹುಡುಗ. ಹದಿನಾಲ್ಕನೇ ಮಹಡಿಯ ಆಫೀಸಿನಲ್ಲಿ ಬರಿಗಾಲಲ್ಲಿ ಓಡಾಡುತ್ತಿದ್ದ. ಪಾದಗಳು ಅವನ ಮಾತಿನಷ್ಟೇ ನುಣ್ಣಗಿದ್ದವು. ಪರದೆಯ ಮೇಲಿನ ಹತ್ತಾರು ಗೆರೆಗಳಲ್ಲಿ ಮೇಲೆದ್ದಿದ್ದ ಒಂದೇ ಒಂದಕ್ಕೆ ಬೆರಳಿಟ್ಟ.

“ಅಚ್ಛಾ, ಯೇ ವಾಲಾ? ಇದು ಏನು?”

“ಒಂದು ಒಳ್ಳೆಯ ಬ್ಯಾಕ್ಟೀರಿಯಾ. ಹರಿತಸಾರದವರಲ್ಲಿ ಸರಾಸರಿ ಸ್ವಲ್ಪ ಹೆಚ್ಚಾಗಿದೆ,” ಎಂದರು ರಘುನಂದನ್.

“ಒಬ್ಬರಿಂದಾಗಿ ಸರ್,” ಎಂದಳು ಧಾರಿಣಿ. “ಮೂವತ್ತೊಂದನೇ ನಂಬರಿನವರಲ್ಲಿ ಅದು ನಾಲ್ಕು ಪಟ್ಟು ಆಗಿದೆ. ಅವರನ್ನು ತೆಗೆದರೆ ಗೆರೆ ಮಲಗುತ್ತೆ.”

“ಅವರನ್ನ ಯಾಕೆ ತೆಗೀಬೇಕು? ಅವರೇ ತಾನೇ ನಮ್ಮ ಸ್ಟೋರಿ,” ಎಂದು ಸುದರ್ಶನ್ ನಕ್ಕ. ಆ ಮೂವತ್ತೊಂದನೆಯವರು ಒಪ್ಪಿದರೆ ಎರಡು ನಿಮಿಷದ ವಿಡಿಯೋ ಮಾಡೋಣ, ಕರ್ನಾಟಕದವರೇ, ಧಾರಿಣಿಯೇ ಹೋಗಿ ಮಾತಾಡಲಿ ಎಂದ. ರಘುನಂದನ್ ಅವಳ ಮುಖ ನೋಡದೆ ತಲೆಯಾಡಿಸಿದರು. ಇಷ್ಟು ಓದಿದ ಮನುಷ್ಯ ಇಷ್ಟು ಅಗ್ಗಕ್ಕೆ ತಲೆಯಾಡಿಸಬಲ್ಲರೆಂದು ಧಾರಿಣಿಗೆ ಅಂದೇ ಗೊತ್ತಾದದ್ದು.

ಮೂವತ್ತೊಂದನೆಯವರ ಹೆಸರು ಮಾಚಮ್ಮ. ಕೊಡಗಿನವರು, ಸೇನೆಯ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು ಮೇಜರ್ ಹುದ್ದೆಯಿಂದ ನಿವೃತ್ತರಾದವರು. ಮಯೂರ್ ವಿಹಾರದ ಸೊಸೈಟಿಯೊಂದರ ಮೂರನೇ ಮಹಡಿಯಲ್ಲಿ ಮನೆ. ಧಾರಿಣಿ ಮೆಟ್ರೋ ಇಳಿದು ನಡೆಯುತ್ತ ಅವರನ್ನು ಮನಸ್ಸಿನಲ್ಲೇ ಚಿತ್ರಿಸಿಕೊಂಡಿದ್ದಳು: ಯೋಗದ ಚಾಪೆ, ತಾಮ್ರದ ಚೊಂಬು, ಕರುಳಿನ ಬಗ್ಗೆ ಒಂದು ಗಂಟೆ ಭಾಷಣ.

ಬಾಗಿಲು ತೆರೆದ ಹೆಂಗಸು ನೀರು ಕೊಟ್ಟು, ಬಂದ ಕೆಲಸ ಕೇಳಿ, ಪೂರ್ತಿ ಕೇಳಿಸಿಕೊಂಡು, “ನಾನು ಅದನ್ನ ತಗೊಂಡಿದ್ದು ಮೂರೇ ದಿನ,” ಎಂದರು.

“ಫಾರಂನಲ್ಲಿ ಐವತ್ತಾರು ದಿನಕ್ಕೂ ಟಿಕ್ ಇದೆ ಆಂಟಿ. ಬಾಟಲಿ ಖಾಲಿ ವಾಪಸ್ ಬಂದಿದೆ ಅಂತಲೂ ಬರೆದಿದೆ.”

“ನಾನು ಮೂರು ಟಿಕ್ ಹಾಕಿ ಕೊಟ್ಟೆ. ಬಾಟಲಿ ಇಲ್ಲೇ ಇದೆ, ಯಾರೂ ಕೇಳಲಿಲ್ಲ.” ಎದ್ದು ಹೋಗಿ ತಂದರು. ಬಾಟಲಿ ಬಹುಪಾಲು ತುಂಬಿಯೇ ಇತ್ತು. “ಹೊಟ್ಟೆ ಉಬ್ಬರಿಸಿತು. ಕಂಪನಿಗೆ ಫೋನ್ ಮಾಡಿ ನಿಲ್ಲಿಸ್ತೀನಿ ಅಂದೆ. ಆ ಹುಡುಗಿ, ಪರವಾಗಿಲ್ಲ, ನಿಲ್ಲಿಸಿ, ಫಾರಂ ಮಾತ್ರ ತುಂಬಿ, ಕೊನೇ ಸ್ಯಾಂಪಲ್ ಕೊಡಿ ಅಂದಳು. ಕೊಟ್ಟೆ. ಖಾಲಿ ಬಿಟ್ಟ ಜಾಗ ಕಂಡರೆ ಅವರಿಗೆ ತಿಳಿಯುತ್ತೆ ಅಂದುಕೊಂಡೆ.”

“ಆ ಎರಡು ತಿಂಗಳಲ್ಲಿ ಊಟದಲ್ಲಿ ಏನಾದರೂ ಬದಲಾಗಿತ್ತಾ?”

“ಬದಲಾಗದೆ ಏನು? ನನ್ನಕ್ಕ ಬಂದು ಇದ್ದಳು. ಇಲ್ಲಿ ಒಬ್ಬಳೇ ಇರುವಾಗ ಬ್ರೆಡ್ಡು, ಮೊಟ್ಟೆ, ಮುಗೀತು. ಅವಳು ದಿನಾ ಹುರುಳಿ, ರಾಜ್ಮಾ, ಸೊಪ್ಪು, ರಾಗಿ ಅಂತ ತಟ್ಟೆ ತುಂಬಾ ಹಾಕೋಳು. ತಿನ್ನದಿದ್ರೆ ಬಯ್ಯೋಳು.”

ಧಾರಿಣಿಗೆ ನಗು ಬಂತು. ಹರಿತಸಾರದ ಏಕೈಕ ಪವಾಡವನ್ನು ಮಾಡಿದ್ದು ಹುರುಳಿ ಸಾರೋ ಏನೋ; ಹರಿತಸಾರವಂತೂ ಅಲ್ಲ. ನಗುತ್ತಲೇ ಸುದರ್ಶನನ ಪಾದಗಳ ಬಗ್ಗೆ, ವಿಡಿಯೋದ ಬಗ್ಗೆ, ಗೈಡ್ ತಲೆಯಾಡಿಸಿದ ಬಗ್ಗೆ ಹೇಳಿದಳು. ಇಂಥವರಿಂದ ಇನ್ನೇನು ನಿರೀಕ್ಷಿಸಲು ಸಾಧ್ಯ ಎಂದಳು.

ಮಾಚಮ್ಮ ನಗಲಿಲ್ಲ. “ಅವರು ಮಾರುವವರು. ನೀನು?”

“ನಾನು ಏನು ಆಂಟಿ?”

“ಮೂವತ್ತು ವರ್ಷ ಚಾರ್ಟ್ ಬರೆದಿದ್ದೀನಿ ನಾನು. ಮಾತ್ರೆ ಕೊಟ್ಟೆ ಅಂತ ಬರೀಬೇಕಾದರೆ ರೋಗಿ ನುಂಗೋದನ್ನ ನಿಂತು ನೋಡ್ತಿದ್ದೆ. ತಿಂಗಳುಗಟ್ಟಲೆ ನನ್ನ ಹೇಲು ನೋಡಿದವಳು ನೀನು. ಒಂದು ಫೋನ್ ಮಾಡಿ, ಮಾತ್ರೆ ತಗೊಳ್ತಿದ್ದೀರಾ ಅಂತ ಕೇಳಬೇಕು ಅನ್ನಿಸಲಿಲ್ವಾ?”

ಅದು ನಮ್ಮ ಕೆಲಸವಾಗಿರಲಿಲ್ಲ ಎಂಬ ಉತ್ತರ ಧಾರಿಣಿಯ ನಾಲಿಗೆಯ ತುದಿಗೆ ಬಂದು ಅಲ್ಲೇ ಉಳಿಯಿತು. ಅನ್ನಿಸದಿರಲು ಕಾರಣ ಅವಳಿಗೆ ಗೊತ್ತಿತ್ತು. ಆ ನಲವತ್ತೆಂಟು ಜನರನ್ನು ಅವಳು ಮಾತಾಡಿಸಲು ಯೋಗ್ಯರೆಂದೇ ಎಣಿಸಿರಲಿಲ್ಲ. ಅವರು ಡಬ್ಬಿಗಳು, ಡಬ್ಬಿಯ ಮೇಲಿನ ನಂಬರುಗಳು, ಶೋಕಿಯ ಮೂರ್ಖರು.

“ಆಂಟಿ, ನೀವ್ಯಾಕೆ ಇದಕ್ಕೆ ಸೇರಿದಿರಿ?”

“ಪಾರ್ಕಲ್ಲಿ ಚೀಟಿ ಹಂಚಿದರು, ಆರೋಗ್ಯವಾಗಿರೋರು ಬೇಕು ಅಂತ. ಇಂಥ ಪರೀಕ್ಷೆಗೆ ಜನ ಸಿಗೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ನನ್ನಿಂದ ಉಪಯೋಗ ಆಗಲಿ ಅಂದುಕೊಂಡೆ,” ಎಂದರು ಮಾಚಮ್ಮ. “ಸರಿಯಾದ್ದು ಏನು ಬಂತು ಅಂತ ಕೊನೆಗೆ ತಿಳಿಸು. ಅಷ್ಟು ಮಾಡು.”

ಮರುದಿನದಿಂದ ಧಾರಿಣಿ ಫಾರಂಗಳಲ್ಲಿದ್ದ ನಂಬರು ನೋಡಿ ಉಳಿದ ನಲವತ್ತೇಳು ಜನರಿಗೂ ಫೋನ್ ಮಾಡತೊಡಗಿದಳು. ಅರ್ಧ ವಾರ ಹಿಡಿಯಿತು. ಒಂಬತ್ತು ಜನ ನಡುವೆಯೇ ನಿಲ್ಲಿಸಿದ್ದರು, ಇಬ್ಬರು ಬಾಟಲಿ ತೆರೆದೇ ಇರಲಿಲ್ಲ. ಫಾರಂಗಳಲ್ಲಿ ಎಲ್ಲರದೂ ಐವತ್ತಾರು ಟಿಕ್, ಎಲ್ಲವೂ ಒಂದೇ ಪೆನ್ನಿನಲ್ಲಿ. ಆ ಕಟ್ಟು ತಿಂಗಳುಗಟ್ಟಲೆ ಅವಳ ಮೇಜಿನ ಪಕ್ಕದಲ್ಲೇ ಇತ್ತು.

“ನೋಡಮ್ಮ,” ಎಂದರು ಎಲ್ಲ ಕೇಳಿಸಿಕೊಂಡ ರಘುನಂದನ್, “ಎರಡನೇ ಹಂತದ ಒಪ್ಪಂದ ಈ ತಿಂಗಳು. ಲ್ಯಾಬಿಗೆ ಹೊಸ ಯಂತ್ರ ಬರೋದು ಅದರಿಂದಲೇ. ಪುಡಿಯಿಂದ ಯಾರಾದರೂ ಸತ್ತರಾ?”

“ಇಲ್ಲ ಸರ್.”

“ಮತ್ತೆ? ಮೂವತ್ತೊಂದನ್ನ ಬಿಟ್ಟುಬಿಡು. ವಿಡಿಯೋ ಬೇಡ ಅಂತ ನಾನು ಹೇಳ್ತೀನಿ. ಉಳಿದದ್ದು ಹಾಗೇ ಇರಲಿ.”

ಯಂತ್ರಕ್ಕಾಗಿ ಬಾಗಿದ ಆ ಕುತ್ತಿಗೆಯನ್ನು ಧಾರಿಣಿ ನೋಡಿದಳು. ಒಂದು ವಾರದ ಹಿಂದೆ ಇದ್ದಿದ್ದರೆ ಮನಸ್ಸಿನಲ್ಲೇ ಉಗಿದು, ತನ್ನ ಪಾಡಿಗೆ ಎದ್ದು ಬರುತ್ತಿದ್ದಳು. ಮನಸ್ಸಿನಲ್ಲೇ ಉಗಿಯುವುದು ಅಷ್ಟು ಸುಲಭ. “ನಮ್ಮ ಸಂಸ್ಥೆಯ ಎಥಿಕ್ಸ್ ಸಮಿತಿಗೆ ಬರೆದಿದ್ದೀನಿ ಸರ್,” ಎಂದಳು. “ಬೆಳಿಗ್ಗೆಯೇ ಕಳಿಸಿದೆ. ಫಾರಂ ಸರಿಯಾಗಿ ನೋಡದೆ ಇದ್ದದ್ದು ನನ್ನ ತಪ್ಪೂ ಹೌದು ಅಂತ ಅದರಲ್ಲೇ ಇದೆ.”

ರಘುನಂದನ್, ಇನ್ನು ಮುಂದೆ ಏನಿದ್ದರೂ ಇಮೇಲಿನಲ್ಲಿ ಕಳಿಸಿ ಎಂದರು. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವಳನ್ನು ‘ನೀವು’ ಎಂದಿದ್ದರು.

ಸಮಿತಿ ಎರಡು ತಿಂಗಳು ವಿಚಾರಿಸಿ ಪರೀಕ್ಷೆಯನ್ನು ರದ್ದು ಮಾಡಿತು. ಯಂತ್ರ ಬರಲಿಲ್ಲ. ಧಾರಿಣಿ ಬೇರೆ ಗೈಡ್ ಹುಡುಕಿಕೊಂಡು, ಬೇರೆ ವಿಷಯ ಹಿಡಿದು, ಒಂದು ವರ್ಷ ಹಿಂದೆ ಬಿದ್ದಳು. ಸುದರ್ಶನನಿಗೆ ಕೂದಲೂ ಕೊಂಕಲಿಲ್ಲ. ಹರಿತಸಾರ ದೀಪಾವಳಿಗೆ ಮಾರುಕಟ್ಟೆಗೆ ಬಂತು. ‘ಆರೋಗ್ಯವಂತರ ಮೇಲೆ ವೈಜ್ಞಾನಿಕವಾಗಿ ಪರೀಕ್ಷಿಸಲಾಗಿದೆ’ ಎಂದು ಡಬ್ಬಿಯ ಮೇಲೆ ಅಚ್ಚಾಗಿತ್ತು. ಪರೀಕ್ಷೆ ಏನಾಯಿತೆಂದು ಬರೆದಿರಲಿಲ್ಲ. ಯಾರೂ ಕೇಳಲೂ ಇಲ್ಲ.

ಸಮಿತಿಯ ಅನುಮತಿ ಪಡೆದು ಧಾರಿಣಿ ನಲವತ್ತೇಳು ಜನರಿಗೆ ಹಿಂದಿಯಲ್ಲಿ ಪತ್ರ ಬರೆದಳು, ಮಾಚಮ್ಮನಿಗೆ ಕನ್ನಡದಲ್ಲಿ. ದಾಖಲೆ ಸುಳ್ಳಾದ್ದರಿಂದ ಪರೀಕ್ಷೆ ರದ್ದಾಗಿದೆ. ಕಂಡಷ್ಟರ ಮಟ್ಟಿಗೆ ಈ ಪುಡಿಯಿಂದ ನಿಮ್ಮ ಕರುಳಿನಲ್ಲಿ ಏನೂ ಬದಲಾಗಿಲ್ಲ. ನೀವು ಮೊದಲೂ ಆರೋಗ್ಯವಾಗಿದ್ದಿರಿ, ಈಗಲೂ ಇದ್ದೀರಿ.

ಮಾಚಮ್ಮ ಫೋನ್ ಮಾಡಿ, “ಬಂತು. ಓದಿದೆ,” ಎಂದು ಇಟ್ಟುಬಿಟ್ಟರು. ಉಳಿದವರಲ್ಲಿ ಹದಿನಾಲ್ಕು ಜನ ಉತ್ತರ ಬರೆದರು. ಹನ್ನೊಂದು ಜನರ ಪ್ರಶ್ನೆ ಒಂದೇ: ಹರಿತಸಾರ ಎಲ್ಲಿ ಸಿಗುತ್ತದೆ, ಪರೀಕ್ಷೆಗೆ ಬಂದವರಿಗೆ ರಿಯಾಯಿತಿ ಇದೆಯೇ? ಒಬ್ಬರಂತೂ, ದಿನಕ್ಕೆ ಒಂದರಿಂದ ಏನೂ ಆಗದಿದ್ದರೆ ಎರಡು ತೆಗೆದುಕೊಳ್ಳಬಹುದೇ ಎಂದು ಕೇಳಿದ್ದರು.

ಧಾರಿಣಿ ಕುರ್ಚಿಗೆ ಒರಗಿ ಒಂದು ನಿಮಿಷ ಅವರನ್ನೆಲ್ಲ ಮನಸಾರೆ ಬೈದುಕೊಂಡಳು. ಆಮೇಲೆ ಫೋನ್ ಎತ್ತಿಕೊಂಡು ಆ ಹನ್ನೊಂದು ಜನರ ಪಟ್ಟಿಯ ಮೊದಲನೆಯವರಿಗೆ ಕರೆ ಮಾಡಿದಳು.