ಚಕ್ರಕ್ಕೆ ಮೆತ್ತಿದ ಕೆಸರು

ಸೇವಂತಿ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಆ ಪುಟ್ಟ ಪ್ಲಾಸ್ಟಿಕ್ ವಿಮಾನದ ಎಡಮಗ್ಗುಲನ್ನು ತಿಕ್ಕುತ್ತಿದ್ದಳು. ಮಸಿ ಹೋಗಿ ಅಡಿಯ ಹಸಿರು ಬಣ್ಣ ಫಳಫಳ ಹೊಳೆಯತೊಡಗಿತು.

"ಅಣ್ಣನ ಜೊತೆ ಚಿತೆಗೆ ಹೋಗುವಂಥದ್ದು ಅತ್ತಿಗೆ. ಹೀಗೆ ಕೊಳಕಾಗಿ ಹೋಗುದು ಬೇಡ," ಎಂದಳು.

ದಮಯಂತಿ ಜಗಲಿಯ ಕಡೆ ತಿರುಗಿ ಕೂತಳು. ಅಲ್ಲಿ ಅವಳ ಗಂಡ ಕುಶಾಲಪ್ಪ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಅರಂತೋಡಿನಿಂದ ಅವನ ಅಣ್ಣ ಬೋಜಪ್ಪ ಬಂದಮೇಲೆಯೇ ಹೆಣ ಎತ್ತುವುದು. ಅಲ್ಲಿಯವರೆಗೆ ಅವನು ಮೆಕ್ಯಾನಿಕ್ ಆಗಿದ್ದ ಪುತ್ತೂರಿನ ಬಸ್ಸು ವರ್ಕ್‌ಶಾಪಿನವರು ಅಂಗಳದಲ್ಲಿ ಕಾಲು ಬದಲಿಸುತ್ತಾ ನಿಂತಿದ್ದರು.

"ಕುಶಾಲಪ್ಪ ಅಂದ್ರೆ ಒಂದು ನಟ್ಟನ್ನು ಮೂರು ಸಲ ಬಿಗಿಯುವ ಜನ ಮಾರಾಯ್ರೆ," ಎಂದ ಡ್ರೈವರ್ ಜತ್ತಪ್ಪ. "ನಾನು ಗೇರು ಹಾಕಿದ ಮೇಲೂ ಓಡಿ ಬಂದು, ಇಳಿ, ಇನ್ನೊಮ್ಮೆ ನೋಡ್ತೇನೆ ಅಂತ ಹೇಳುದು. ಕಡಬದ ಬಸ್ಸು ಒಂದು ದಿನ ಟೈಮಿಗೆ ಹೊರಟದ್ದುಂಟಾ?"

ಸಾವಿನ ಮನೆ ಎಂಬುದನ್ನೂ ಮರೆತು ನಾಲ್ಕು ಮಂದಿ ನಕ್ಕರು.

"ಈ ಒಂದು ತಿಂಗಳು ಎಂತ ಆಯ್ತೋ! ಒಂದೇ ಸಲ ಬಿಗಿದು ಊಟಕ್ಕೆ ಹೋಗ್ತಿದ್ದ," ಎಂದು ಜತ್ತಪ್ಪನೇ ಮುಂದುವರಿಸಿದ.

"ತಲೆ ಕೆಟ್ಟಿರಬೇಕು ಪಾಪ," ಎಂದರು ಯಾರೋ.

ದಮಯಂತಿಗೆ ಅಷ್ಟು ಸಾಕಾಯಿತು. ನಿನ್ನೆಯಿಂದ ಅವಳನ್ನು ಕೊರೆಯುತ್ತಿದ್ದುದೂ ಅದೇ.

*

ಆ ಪುಟ್ಟ ವಿಮಾನದ ಬಿಡಿಭಾಗಗಳ ಪೆಟ್ಟಿಗೆಯನ್ನು ಎರಡು ವರ್ಷದ ಹಿಂದೆ ಬೊಂಬಾಯಿಯಿಂದ ಕಳಿಸಿದವನು ಕಲಂದರ್. ಬರ್ಮಾ ಯುದ್ಧದ ಕಾಲದಲ್ಲಿ ಅವನೂ ಕುಶಾಲಪ್ಪನೂ ವಿಮಾನದಳದ ಒಂದೇ ಕ್ಯಾಂಪಿನಲ್ಲಿದ್ದವರು. ಕುಶಾಲಪ್ಪ ಭಾನುವಾರಗಳಂದು ಕಿಟಕಿಯ ಬುಡದಲ್ಲಿ ಕೂತು ತುಂಡುಗಳನ್ನು ಬ್ಲೇಡಿನಿಂದ ಬಿಡಿಸಿ, ಅರದಿಂದ ನಯ ಮಾಡಿ, ಅಂಟಿಸಿದ. ಬಸ್ಸಿನ ಬಂಪರಿಗೆ ಬಳಿದು ಉಳಿದ ಬೆಳ್ಳಿ ಬಣ್ಣ ಮೊದಲು, ಅದರ ಮೇಲೆ ಹಸಿರು. ವಿಮಾನ ಹೊಚ್ಚಹೊಸದಾಗಿ ಹೊಳೆಯಿತು. ಮೂತಿಯನ್ನು ಹೊರಗೆ ಮಾಡಿ ಕಿಟಕಿಯಲ್ಲಿಟ್ಟ. ಅಷ್ಟು ಕಷ್ಟಪಟ್ಟವನ ಮುಖದಲ್ಲಿ ಒಂದಿಷ್ಟೂ ಗೆಲುವಿರಲಿಲ್ಲ.

"ಇದೇ ನಾನು ರೆಡಿ ಮಾಡಿ ಕಳಿಸಿದ್ದು," ಎಂದಿದ್ದ ಒಮ್ಮೆ.

"ಮತ್ತೆ?" ಎಂದು ದಮಯಂತಿ ಕೇಳಿದರೆ ಎದ್ದು ಹೊರಗೆ ಹೋಗಿದ್ದ.

ಕಳೆದ ತಿಂಗಳು ಕಲಂದರ್ ಊರಿಗೆ ಬಂದ. ಸವಣೂರಿಗೆ ಹೋಗಿ ಅವನನ್ನು ಕಂಡು ಬಂದ ಕುಶಾಲಪ್ಪ, ಮರುದಿನದಿಂದಲೇ ವಿಮಾನವನ್ನು ಹಾಳು ಮಾಡಲು ಹೊರಟ. ಪೈಲಟ್ ಕಾಲಿಡುವಲ್ಲಿ ಬೆಳ್ಳಿ ಕಾಣುವಂತೆ ಹಸಿರನ್ನು ಕೆರೆದ. ಒಲೆಯ ಮಸಿಯನ್ನು ಇಂಜಿನಿನಿಂದ ಬಾಲದ ಕಡೆಗೆ ಬೆರಳಲ್ಲಿ ಎಳೆದ. ಅಂಗಳದ ಮಣ್ಣನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ಕಲಸಿ, ಚಕ್ರಗಳಿಗೆ ಮೆತ್ತಿದ. ದಿನವೂ ಸೆರಗಿನಿಂದ ಅದರ ಧೂಳು ಒರೆಸುತ್ತಿದ್ದ ದಮಯಂತಿಗೆ ಮೈಯೆಲ್ಲ ಉರಿಯಿತು.

"ಎರಡು ವರ್ಷ ಬಣ್ಣ ಕೊಟ್ಟದ್ದು ಕೆಸರು ಮೆತ್ತಲಿಕ್ಕಾ?"

ಅವನು ಬಾಯ್ತುಂಬ ನಕ್ಕ. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ಆ ನಗುವನ್ನು ಕಂಡಿರಲಿಲ್ಲ. ಹೆದರಿಕೆಯಾಯಿತು.

ಮೊನ್ನೆ ಮಧ್ಯಾಹ್ನ ಬಡಿಸಿದ ಅನ್ನ ಆರಿದರೂ ಅವನು ಆ ಚಕ್ರವನ್ನು ಬಿಟ್ಟು ಏಳಲಿಲ್ಲ. "ಅದನ್ನೇ ಕಟ್ಟಿಕೊಂಡು ಸಾಯಿರಿ," ಎಂದುಬಿಟ್ಟಳು. ಮಾರನೆಯ ಬೆಳಿಗ್ಗೆ ವರ್ಕ್‌ಶಾಪಿನಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

*

"ಅಯ್ಯೋ, ಉಜ್ಜಬೇಡಿ ತಂಗಿ!"

ಸವಣೂರಿನ ಬಸ್ಸಿಳಿದು ಬಂದ ಕಲಂದರ್ ಬಾಗಿಲಲ್ಲೇ ಕೂಗಿದ. ಸೇವಂತಿಯ ಕೈ ನಿಂತಿತು.

"ಸಾಯ್ಬ್ರೇ," ಎಂದು ದಮಯಂತಿ ಎದ್ದಳು. "ನಿಮ್ಮಲ್ಲಿಗೆ ಬಂದು ಹೋದ ಮೇಲೆ ಇವರು ಹೀಗಾದದ್ದು. ತಲೆ ಕೆಟ್ಟಿತ್ತಾ?"

"ಕೆಟ್ಟದ್ದಲ್ಲ ಅಕ್ಕ, ನೆಟ್ಟಗಾದದ್ದು," ಎಂದು ಕಲಂದರ್ ಕಣ್ಣೊರೆಸಿಕೊಂಡ. "ಯುದ್ಧದಲ್ಲಿ ಇಂಥದ್ದೇ ಒಂದು ವಿಮಾನದ ಇಂಜಿನು ಬಿಗಿದು ಕಳಿಸಿದ್ದು ಕುಶಾಲಪ್ಪ. ಸಂಜೆಗೆ ವಿಮಾನ ಬರಲಿಲ್ಲ. ಅದೇ ರಾತ್ರಿ ಇವನಿಗೆ ಮಲೇರಿಯಾ; ಆಸ್ಪತ್ರೆಗೆ ಹಾಕಿ, ಅಲ್ಲಿಂದಲೇ ಊರಿಗೆ ಕಳಿಸಿದ್ರು. ತಾನು ಯಾವುದೋ ನಟ್ಟು ಸರಿ ಬಿಗಿಯಲಿಲ್ಲ, ಪೈಲಟ್ ಸತ್ತ ಅಂತ ಇಪ್ಪತ್ತು ವರ್ಷ ಮನಸ್ಸಲ್ಲೇ ಇಟ್ಟುಕೊಂಡಿದ್ದ. ಯಾರ ಹತ್ರವೂ ಕೇಳಲಿಲ್ಲ. ಮತ್ತೆ ನಡೆದದ್ದು ಇವನಿಗೆ ಗೊತ್ತುಂಟು ಅಂತ ನಾನೂ ಹೇಳಲಿಲ್ಲ. ಕಳೆದ ತಿಂಗಳು ನಮ್ಮಲ್ಲಿ ಚಾ ಕುಡಿಯುವಾಗ ಬಾಯಿ ಬಿಟ್ಟ."

"ಪೈಲಟ್ ಸತ್ತಿರಲಿಲ್ವಾ?"

"ಎಂತ ಸಾಯುದು! ದಾರಿ ತಪ್ಪಿ ಯಾವುದೋ ಗದ್ದೆಯಲ್ಲಿ ಇಳಿಸಿದ್ದನಂತೆ. ನಾಲ್ಕನೇ ದಿನ ಬಂದ. ವಿಮಾನದ ಮೈಯೆಲ್ಲ ಹೊಗೆ, ಚಕ್ರಕ್ಕೆ ಕೆಸರು. ನೀರು ಹೊಯ್ದು ತೊಳೆದವ ನಾನೇ. ಅಷ್ಟು ಹೇಳಿದ್ದಕ್ಕೆ ಕುಶಾಲಪ್ಪ ಅತ್ತ, ಮತ್ತೆ ನಗಾಡಿದ. ಕೆಸರು ಎಷ್ಟು ಎತ್ತರಕ್ಕಿತ್ತು ಅಂತ ಕೇಳಿದ. ಪೂರ್ತಿ ಆಗಲಿ, ದಮಯಂತಿಗೆ ತೋರಿಸಿಯೇ ಕತೆ ಹೇಳ್ತೇನೆ ಅಂದಿದ್ದ."

ದಮಯಂತಿ ಕಂಬಕ್ಕೊರಗಿ ಕೂತಳು. ಅಳು ಬಂತು, ಆದರೆ ನಿನ್ನೆಯಿಂದ ಎದೆಯ ಮೇಲಿದ್ದ ಭಾರ ಇಳಿದು ಉಸಿರು ಸರಾಗವಾಯಿತು. ಅವನು ಮುನಿದು ಹೋಗಿರಲಿಲ್ಲ, ಹುಚ್ಚನಾಗಿಯೂ ಹೋಗಿರಲಿಲ್ಲ.

ಅಷ್ಟರಲ್ಲಿ ಬೋಜಪ್ಪ ಬಂದ. ತಮ್ಮನ ಕಾಲು ಮುಟ್ಟಿ ಅತ್ತು, "ಆ ವಿಮಾನ ಎಲ್ಲುಂಟು? ಅವನ ಜೊತೆಗೆ ಇಡುವ," ಎಂದ.

"ಬೇಡ ಭಾವ. ಅದು ಇಲ್ಲೇ ಇರಲಿ," ಎಂದಳು ದಮಯಂತಿ.

ಸಾವಿನ ಮನೆಯ ಒಲೆಗೆ ಬೆಂಕಿ ಹಾಕಿರಲಿಲ್ಲ. ತಣ್ಣಗಿದ್ದ ಒಲೆಯ ಕಲ್ಲಿನಿಂದ ದಮಯಂತಿ ಬೆರಳಲ್ಲಿ ಮಸಿ ಕೆರೆದಳು. ಸೇವಂತಿ ಉಜ್ಜಿದ್ದ ಮಗ್ಗುಲಿಗೆ, ಅವನು ಎಳೆಯುತ್ತಿದ್ದ ಹಾಗೆಯೇ, ಇಂಜಿನಿನಿಂದ ಬಾಲದ ಕಡೆಗೆ ಎಳೆದಳು. ಹೊರಗೆ ನೋಡುತ್ತಿದ್ದ ಮೂತಿಯನ್ನು ಮನೆಯ ಒಳಗಡೆಗೆ ತಿರುಗಿಸಿ ಕಿಟಕಿಯಲ್ಲಿಟ್ಟಳು.

ಹೊರಗೆ ಕರೆದರು. ಅವಳು ಹೋಗಿ ಗಂಡನ ಬಾಯಿಗೆ ತುಳಸಿನೀರು ಬಿಟ್ಟು, ಕೆನ್ನೆ ಸವರಿದಳು. ಕೆನ್ನೆಯ ಮೇಲೆ ಮಸಿಯ ಒಂದು ಗೆರೆ ಉಳಿಯಿತು. ಸೇವಂತಿ ಒರೆಸಲು ಬಟ್ಟೆ ಎತ್ತಿದವಳು ಹಾಗೆಯೇ ಕೆಳಗಿಟ್ಟಳು.